ಕೊಳ್ಳಿದೆವ್ವದ ಊರಿಗೆ ಕತ್ತಲ ಕ್ಯಾಮೆರಾ

ಬೆಂಗಳೂರಿನ ಮೂವರು ಹುಡುಗರು ಒಂದು ಸಂಜೆ ನನ್ನ ಅಂಗಡಿ ಮುಂದೆ ಕಾರು ನಿಲ್ಲಿಸಿ, "ಅಂಕಲ್, ಐಆರ್ ಲೈಟಿಗೆ ಬ್ಯಾಟರಿ ಸಿಗುತ್ತಾ?" ಅಂತ ಕೇಳಿದರು. ಮದುವೆ ವಿಡಿಯೋದವರಿರಬೇಕು ಅಂದುಕೊಂಡೆ. ಡಿಕ್ಕಿಯಲ್ಲಿ ಎರಡು ಕ್ಯಾಮೆರಾ, ಮೂರು ಟ್ರೈಪಾಡು, ಫೋನಿಗೆ ಸಿಕ್ಕಿಸುವ ಪುಟ್ಟ ಥರ್ಮಲ್ ಕ್ಯಾಮೆರಾ, ಜೊತೆಗೆ ಚಿಪ್ಸ್ ಪೊಟ್ಟಣ. ಎಲ್ಲಿ ಮದುವೆ ಅಂದೆ. ಒಬ್ಬ ನಕ್ಕ. "ಮದುವೆ ಅಲ್ಲ ಅಂಕಲ್, ಪ್ಯಾರಾನಾರ್ಮಲ್ ಇನ್ವೆಸ್ಟಿಗೇಶನ್." ನಮ್ಮ ಮನೆ ಮಾತಿನಲ್ಲಿ ಹೇಳುವುದಾದರೆ, ದೆವ್ವ ಹುಡುಕಲು ಬಂದಿದ್ದರು.

ನನ್ನ ಅಂಗಡಿ ಇರುವುದು ಅದಿಯಮಾನ್‌ಕೋಟೆಯಲ್ಲಿ, ಧರ್ಮಪುರಿಯಿಂದ ಸೇಲಂ ದಾರಿಯಲ್ಲಿ ಏಳೆಂಟು ಕಿಲೋಮೀಟರ್. ಮೊದಲು ಬೋರ್ಡಿನ ಮೇಲೆ ಫೋಟೋ ಸ್ಟುಡಿಯೋ ಅಂತಿತ್ತು. ಆಮೇಲೆ ವಿಡಿಯೋ ಕವರೇಜ್ ಅಂತಾಯಿತು. ಈಗ ಸಿಸಿಟಿವಿ ಅಂತಿದೆ. ನಲವತ್ತು ವರ್ಷದಲ್ಲಿ ಬೋರ್ಡು ಎರಡು ಸಲ ಬದಲಾಯಿತು, ಕೆಲಸ ಒಂದೇ: ಇದ್ದದ್ದನ್ನು ಇದ್ದ ಹಾಗೆ ಹಿಡಿಯುವುದು. ಹಾಗಂತ ನಾನು ನಂಬಿಕೊಂಡಿದ್ದೆ. ಆ ರಾತ್ರಿ ಹುಡುಗರ ಹಿಂದೆ ಹೋದ ಮೇಲೆ ಈ ಕತ್ತಲ ಕ್ಯಾಮೆರಾ ಎಲ್ಲಿಂದ ಎಲ್ಲಿಗೆ ಬಂತು ಅಂತ ಕೂತು ಲೆಕ್ಕ ಹಾಕಿದೆ. ಲೆಕ್ಕ ಸ್ವಲ್ಪ ವಿಚಿತ್ರವಾಗಿಯೇ ಇದೆ.

ಮೊದಲು ನಮ್ಮ ಕಡೆಯ ದೆವ್ವದ ವಿಷಯ. ನಮ್ಮದು ಬೀದಿಯಲ್ಲಿ ತಮಿಳು, ಅಡುಗೆಮನೆಯಲ್ಲಿ ಕನ್ನಡ ಆಡುವ ಮನೆ. ಈ ಜಿಲ್ಲೆಯಲ್ಲಿ ಅದೇನು ಅಪರೂಪವಲ್ಲ. ಮಾರಂಡಹಳ್ಳಿ, ಜಿಟ್ಟಾಂಡಹಳ್ಳಿ, ಹೊಗೇನಕಲ್ಲು ಅಂತ ಊರಿನ ಹೆಸರುಗಳೇ ಹೇಳುತ್ತವೆ. ಅಜ್ಜಿ ಕೊಳ್ಳಿದೆವ್ವ ಅನ್ನುತ್ತಿದ್ದಳು, ಪಕ್ಕದ ಮನೆಯ ಪಾಟಿ ಕೊಳ್ಳಿವಾಯ್ ಪೇಯ್ ಅನ್ನುತ್ತಿದ್ದರು. ಇಬ್ಬರೂ ಹೇಳುತ್ತಿದ್ದದ್ದು ಒಂದೇ ದೆವ್ವ: ಕೆರೆ ಹಿಂದೆ, ಮಳೆಗಾಲದ ರಾತ್ರಿ, ಬಾಯಲ್ಲಿ ಕೊಳ್ಳಿ ಇಟ್ಟುಕೊಂಡು ಓಡಾಡುವುದು. "ಕರೆದರೆ ಓಗೊಡಬೇಡ ಕಣೋ, ಮೂರು ಸಲ ಕರೆದ ಮೇಲೆ ತಿರುಗು" ಅಂತ ಅಜ್ಜಿ. ದೆವ್ವ ಎರಡೇ ಸಲ ಕರೆಯುತ್ತದಂತೆ. ಬೆಂಗಳೂರಿನ ದೆವ್ವ ಇನ್ನೂ ಓದಿದ್ದು. 1990ರ ಆಸುಪಾಸಿನಲ್ಲಿ ನಾನು ಆಲ್ಬಮ್ ಕೆಲಸಕ್ಕೆ ಅಲ್ಲಿಗೆ ಹೋಗುತ್ತಿದ್ದಾಗ ಗಲ್ಲಿಗಲ್ಲಿಯ ಬಾಗಿಲ ಮೇಲೆ ಸುಣ್ಣದಲ್ಲೋ ಸೀಮೆಸುಣ್ಣದಲ್ಲೋ "ನಾಳೆ ಬಾ" ಅಂತ ಬರೆದಿರುತ್ತಿದ್ದರು. ದೆವ್ವ ಬಂದು, ಕನ್ನಡ ಓದಿ, ನಾಳೆ ಬರೋಣ ಅಂತ ವಾಪಸು ಹೋಗುತ್ತಿತ್ತಂತೆ. ಮರುದಿನವೂ ಅದೇ ಬರಹ, ಅದೇ ವಾಪಸಾತಿ. ಆ ಕಾಲದ ದೆವ್ವಗಳನ್ನು ಮಾತಿನಲ್ಲೋ ಬರಹದಲ್ಲೋ ಸಂಭಾಳಿಸಬಹುದಿತ್ತು. ಯಾರಿಗೂ ಫೋಟೋ ಬೇಕಿರಲಿಲ್ಲ.

ಫೋಟೋ ಬೇಕು ಅಂತ ಹೊರಟವರು ಅಮೆರಿಕದವರು. 1860ರ ದಶಕದ ಆರಂಭದಲ್ಲಿ ಬಾಸ್ಟನ್ನಿನ ವಿಲಿಯಂ ಮಮ್ಲರ್ ಎಂಬಾತ ಗಿರಾಕಿಯ ಫೋಟೋ ತೆಗೆದರೆ ಬೆನ್ನ ಹಿಂದೆ ಮಬ್ಬು ಮಬ್ಬಾಗಿ ತೀರಿಹೋದ ನೆಂಟರು ನಿಂತಿರುತ್ತಿದ್ದರು. ಅಂತರ್ಯುದ್ಧದಲ್ಲಿ ಮನೆಮನೆಯಲ್ಲೂ ಸಾವು. ದುಡ್ಡು ಕೊಡಲು ಜನ ಸಾಲುಗಟ್ಟಿದರು. 1869ರಲ್ಲಿ ನ್ಯೂಯಾರ್ಕಿನ ಕೋರ್ಟಿನಲ್ಲಿ ವಿಚಾರಣೆ ನಡೆಯಿತು, ಸರ್ಕಸ್ಸಿನ ಬಾರ್ನಮ್ ಅವನ ವಿರುದ್ಧ ಸಾಕ್ಷಿ ಹೇಳಿದ, ಆದರೂ ಮಮ್ಲರ್ ಬಿಡುಗಡೆಯಾದ. ಕೊಲೆಯಾದ ಅಧ್ಯಕ್ಷ ಲಿಂಕನ್ನರ ಹೆಂಡತಿ ಕೂಡ ಆಮೇಲೆ ಅವನ ಮುಂದೆ ಕೂತು ಫೋಟೋ ತೆಗೆಸಿಕೊಂಡಳು. ಕಪ್ಪು ಕೋಣೆಯಲ್ಲಿ ಕೈ ನೆನೆಸಿದ ನನ್ನಂಥವನಿಗೆ ಈ ಕೈಚಳಕ ಹೊಸದಲ್ಲ. ಒಂದೇ ಪ್ಲೇಟಿಗೆ ಎರಡು ಸಲ ಬೆಳಕು ಬಿಟ್ಟರೆ ಸಾಕು. 1980ರ ದಶಕದಲ್ಲಿ ನಾವು ಅದೇ ತಂತ್ರದಿಂದ ಮದುಮಗನ ಎದೆಯೊಳಗೆ ಮದುಮಗಳನ್ನು ಕೂರಿಸಿ ಎಕ್ಸ್‌ಟ್ರಾ ಐವತ್ತು ರೂಪಾಯಿ ತೆಗೆದುಕೊಳ್ಳುತ್ತಿದ್ದೆವು.

ಹೀಗೆ ಮೋಸಕ್ಕೆ ಬಳಕೆಯಾದ ಕ್ಯಾಮೆರಾವನ್ನು ಮೋಸ ಹಿಡಿಯಲು ತಿರುಗಿಸಿದ್ದು ಇನ್‌ಫ್ರಾರೆಡ್, ಅಂದರೆ ಹುಡುಗರು ಕೇಳಿದ ಐಆರ್. ನಮ್ಮ ಪಠ್ಯಪುಸ್ತಕದ ಮಾತಿನಲ್ಲಿ ಅವಕೆಂಪು ಕಿರಣ. 1800ರಲ್ಲಿ ವಿಲಿಯಂ ಹರ್ಷೆಲ್ ಪಟ್ಟಕದಿಂದ ಬಿಸಿಲನ್ನು ಬಣ್ಣಬಣ್ಣವಾಗಿ ಒಡೆದು ಒಂದೊಂದು ಬಣ್ಣಕ್ಕೂ ಥರ್ಮಾಮೀಟರ್ ಇಟ್ಟು ನೋಡುತ್ತಿದ್ದ. ಕೆಂಪು ಮುಗಿದು ಏನೂ ಕಾಣದ ಜಾಗದಲ್ಲಿ ಪಾದರಸ ಇನ್ನೂ ಮೇಲೇರಿತು. ಕಣ್ಣಿಗೆ ಕಾಣದ ಬೆಳಕು ಇದೆ ಅಂತ ಅಲ್ಲಿ ಗೊತ್ತಾಯಿತು. ನಂಬಿಕೆ ಬರದಿದ್ದರೆ ಟಿವಿ ರಿಮೋಟಿನ ಮೂತಿಯನ್ನು ಮೊಬೈಲ್ ಕ್ಯಾಮೆರಾಕ್ಕೆ ಹಿಡಿದು ಬಟನ್ ಒತ್ತಿ. ಬರಿಗಣ್ಣಿಗೆ ಏನೂ ಇಲ್ಲ, ಬಹಳಷ್ಟು ಫೋನಿನ ಪರದೆಯಲ್ಲಿ ಬೆಳ್ಳಗೆ ಮಿನುಗುತ್ತದೆ. 1910ರಲ್ಲಿ ಅಮೆರಿಕದ ರಾಬರ್ಟ್ ವುಡ್ ಆ ಬೆಳಕಿನಲ್ಲಿ ತೆಗೆದ ಫೋಟೋಗಳನ್ನು ಪ್ರಕಟಿಸಿದ. ಆಕಾಶ ಕಪ್ಪು, ಮರಗಿಡಗಳೆಲ್ಲ ಹಿಮ ಬಿದ್ದ ಹಾಗೆ ಬಿಳಿ. ಹಸಿರೆಲೆ ಕಣ್ಣಿಗೆ ಕಾಣುವ ಬೆಳಕನ್ನು ಹೀರಿಕೊಂಡರೂ ಈ ಕಿರಣವನ್ನು ಬಹುಪಾಲು ವಾಪಸು ಎಸೆಯುತ್ತದೆ. ಈ ಬಿಳಿ ಮರವನ್ನು ಸ್ವಲ್ಪ ನೆನಪಿಡಿ.

ಆ ಕಾಲದ ಯುರೋಪಿನಲ್ಲಿ ದೆವ್ವ ಕರೆಸುವವರಿಗೆಲ್ಲ ಕತ್ತಲೆ ಬೇಕಿತ್ತು. ದೀಪ ಹಚ್ಚಿದರೆ ಆತ್ಮ ಬರುವುದಿಲ್ಲ ಅನ್ನುತ್ತಿದ್ದರು. ದೀಪ ಆರಿಸಿದರೆ ಯಾರ ಕೈ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಈ ಕಗ್ಗಂಟು ಬಿಡಿಸಲು ಪ್ಯಾರಿಸ್ಸಿನ ಡಾಕ್ಟರ್ ಯೂಜೀನ್ ಒಸ್ಟಿ 1930-31ರಲ್ಲಿ ಒಂದು ಉಪಾಯ ಮಾಡಿದ. ರೂಡಿ ಶ್ನೈಡರ್ ಎಂಬ ಆಸ್ಟ್ರಿಯಾದ ಹುಡುಗ ಮುಟ್ಟದೆ ವಸ್ತು ಅಲುಗಾಡಿಸುತ್ತಾನೆ ಅಂತ ಹೆಸರಾಗಿದ್ದ. ಮೇಜಿನ ಮೇಲಿನ ವಸ್ತುವಿಗೆ ಅಡ್ಡಲಾಗಿ ಕಾಣದ ಕಿರಣ ಹಾಯಿಸಿದರು. ಕೈ ಅಡ್ಡ ಬಂದರೆ ಕಿರಣ ಕಡಿಯುತ್ತದೆ, ತಕ್ಷಣ ಫ್ಲ್ಯಾಶ್ ಹೊತ್ತಿ ಫೋಟೋ ಬೀಳುತ್ತದೆ. ಇಲಿಬೋನಿನ ಲೆಕ್ಕ. ಫ್ಲ್ಯಾಶ್ ಹೊತ್ತಿತು, ಫೋಟೋದಲ್ಲಿ ಕೈ ಇರಲಿಲ್ಲ, ಒಸ್ಟಿ ಬೆರಗಾದ. ಲಂಡನ್ನಿನ ಹ್ಯಾರಿ ಪ್ರೈಸ್ ಅದೇ ಹುಡುಗನನ್ನು ಕೂರಿಸಿಕೊಂಡು ಪರೀಕ್ಷೆ ಮಾಡಿದ. 1932ರ ಒಂದು ಫೋಟೋದಲ್ಲಿ ಹುಡುಗನ ಒಂದು ತೋಳು ಹಿಡಿತ ಬಿಡಿಸಿಕೊಂಡು ಹಿಂದಕ್ಕೆ ಚಾಚಿದೆ ಅಂತ ಮರುವರ್ಷ ಬಯಲು ಮಾಡಿದ. ಜಗಳ ವರ್ಷಗಟ್ಟಲೆ ನಡೆಯಿತು. ನನಗೆ ಮುಖ್ಯವಾದದ್ದು ಜಗಳವಲ್ಲ. ಅಂದು ಆ ಕಿರಣ ಕೂತಿದ್ದದ್ದು ಸಂಶಯದ ಪಕ್ಕದಲ್ಲಿ. ದೆವ್ವದ ಹೆಸರಿನಲ್ಲಿ ಮನುಷ್ಯನ ಕೈ ಆಡುತ್ತಿದೆಯೇ ನೋಡು ಅಂತ ಅದನ್ನು ಕಾವಲಿಗಿಟ್ಟಿದ್ದರು.

ಈ ಪ್ರೈಸ್ ದೆವ್ವದ ಮನೆಗಳಿಗೆ ಹೊತ್ತು ಹೋಗುತ್ತಿದ್ದ ಪೆಟ್ಟಿಗೆಯ ಪಟ್ಟಿ ಓದಿದರೆ ನನಗೆ ಗೌರವ ಬರುತ್ತದೆ. ಸದ್ದಾಗದ ಉಣ್ಣೆಯ ಮೇಲುಬೂಟು, ಉಕ್ಕಿನ ಅಳತೆಪಟ್ಟಿ, ಬಾಗಿಲಿಗೆ ಕಟ್ಟಿ ಮೊಹರು ಒತ್ತಲು ದಾರ, ಬೆರಳಚ್ಚು ಎತ್ತಲು ಗ್ರಾಫೈಟ್ ಪುಡಿ, ನೆಲ ಅದುರಿದರೆ ತಿಳಿಯಲು ಒಂದು ಬಟ್ಟಲು ಪಾದರಸ, ಕ್ಯಾಮೆರಾ, ಕೊನೆಗೆ ಯಾರಾದರೂ ಮೂರ್ಛೆ ಹೋದರೆ ಬ್ರಾಂದಿ. ಮುಕ್ಕಾಲು ಪಾಲು ಸಾಮಾನು ಕಳ್ಳನನ್ನು ಹಿಡಿಯಲು. ನಮ್ಮ ದೇಶದಲ್ಲಿ ಅದೇ ಸುಮಾರಿಗೆ ಎಫ್. ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ ಕಾಡಿನ ದಾರಿಗೆ ತಂತಿ ಕಟ್ಟಿ, ಹುಲಿ ಎಡವಿದರೆ ಫ್ಲ್ಯಾಶ್ ಹೊತ್ತುವ ಹಾಗೆ ಮಾಡಿ, 1920ರ ದಶಕದಲ್ಲೇ ರಾತ್ರಿ ಹುಲಿಯ ಫೋಟೋ ತೆಗೆದಿದ್ದ. ಮುಂದೆ ಉಲ್ಲಾಸ್ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು ಪಟ್ಟೆಗಳಿಂದಲೇ ಒಂದೊಂದು ಹುಲಿಯನ್ನು ಗುರುತಿಸಿ ಎಣಿಸಿದರು. ಕತ್ತಲಲ್ಲಿ ಓಡಾಡುವ ಪ್ರಾಣಿ ಇದ್ದರೆ ಕ್ಯಾಮೆರಾಕ್ಕೆ ಸಿಕ್ಕೇ ಸಿಗುತ್ತದೆ, ಪಟ್ಟೆ ಸಮೇತ.

ಆಮೇಲೆ ಎರಡನೇ ಮಹಾಯುದ್ಧ ಬಂತು. ಕಾಣದ ದೀಪ ಬೀರಿ ಅದರ ಬೆಳಕಿನಲ್ಲಿ ನೋಡುವ ದುರ್ಬೀನನ್ನು ಜರ್ಮನ್ನರೂ ಅಮೆರಿಕನ್ನರೂ ಬಂದೂಕಿಗೆ ಕಟ್ಟಿದರು. 1945ರಲ್ಲಿ ಒಕಿನಾವಾದ ಕತ್ತಲೆಯಲ್ಲಿ ಅದು ಜನರನ್ನು ಕೊಂದಿತು. ವಿಯೆಟ್ನಾಂ ಹೊತ್ತಿಗೆ ದೀಪವೇ ಬೇಡ, ನಕ್ಷತ್ರದ ಬೆಳಕನ್ನೇ ಹಿಗ್ಗಿಸಿ ತೋರಿಸುವ ಯಂತ್ರ ಬಂತು. ಅದೇ ಮಹಾಯುದ್ಧ ನಮ್ಮ ಸೀಮೆಗೂ ಒಂದು ಕಾಣಿಕೆ ಕೊಟ್ಟಿತು. ಮಲಯಾ ಕಡೆಯಿಂದ ಬರುತ್ತಿದ್ದ ಸಬ್ಬಕ್ಕಿ ನಿಂತುಹೋಗಿ, 1943ರ ಸುಮಾರಿಗೆ ಸೇಲಂನವರು ಮರಗೆಣಸಿನಿಂದ ಸಬ್ಬಕ್ಕಿ ಮಾಡಲು ಶುರುಮಾಡಿದರು. ಇಲ್ಲಿಯವರ ಬಾಯಲ್ಲಿ ಅದು ಜವ್ವರಿಸಿ, ಮಾಡುವ ಜಾಗ ಸೇಗೋ ಫ್ಯಾಕ್ಟರಿ. ಸೇಲಂ, ಧರ್ಮಪುರಿ ಸೀಮೆಯಲ್ಲೆಲ್ಲ ಅವು ಎದ್ದವು. ಕೆಲವು ಮುಚ್ಚಿಯೂ ಹೋದವು. ಹುಡುಗರು ಆರಿಸಿಕೊಂಡಿದ್ದು ಅಂಥ ಒಂದು ಮುಚ್ಚಿದ ಫ್ಯಾಕ್ಟರಿಯನ್ನು. ಯುದ್ಧದ ಎರಡು ಮಕ್ಕಳು ನಮ್ಮೂರ ಹೊರಗೆ ಮುಖಾಮುಖಿಯಾದವು ಅನ್ನಿ.

ಕಾಣದ ದೀಪ ನನ್ನ ಕೈಗೆ ಬಂದದ್ದು 1999ರಲ್ಲಿ. ಸೋನಿಯವರು ಅದರ ಹಿಂದಿನ ವರ್ಷ ಹ್ಯಾಂಡಿಕ್ಯಾಮ್‌ಗೆ ನೈಟ್‌ಶಾಟ್ ಎಂಬ ಗುಂಡಿ ಇಟ್ಟಿದ್ದರು. ಒತ್ತಿದರೆ ಒಳಗಿನ ಶೋಧಕ ಸರಿದು, ಮುಂದಿನ ಪುಟ್ಟ ದೀಪ ಹೊತ್ತಿ, ಕತ್ತಲ ಕೋಣೆ ಹಸಿರಾಗಿ ಕಾಣುತ್ತಿತ್ತು. ಹಗಲಲ್ಲಿ ಒತ್ತಿದರೆ ಕೆಲವು ತೆಳು ಬಟ್ಟೆ ಪಾರಾಗಿ ಕಾಣುತ್ತದೆ ಅಂತ ಜಗತ್ತೆಲ್ಲ ಗಲಾಟೆಯಾಗಿ ಸೋನಿಯವರು ಅದನ್ನು ಬದಲಿಸಿದರು. ನನಗೆ ಆದ ಪಜೀತಿ ಬೇರೆ. ಒಂದು ಆರತಕ್ಷತೆಯಲ್ಲಿ ಕರೆಂಟು ಹೋದಾಗ ಗುಂಡಿ ಒತ್ತಿಬಿಟ್ಟೆ. ವರನ ಕಪ್ಪು ಕೋಟು ಕ್ಯಾಸೆಟ್ಟಿನಲ್ಲಿ ಬೂದಿ ಬಣ್ಣವಾಗಿತ್ತು, ದೀಪದ ಕುಡಿ ತೆಂಗಿನಕಾಯಿ ಗಾತ್ರ ಉರಿಯುತ್ತಿತ್ತು, ಎಲ್ಲರ ಕಣ್ಣಪಾಪೆ ಬೆಳ್ಳಗೆ ಹೊಳೆಯುತ್ತಿತ್ತು. ವರನ ಅತ್ತೆ ನೋಡಿ, "ಏನಪ್ಪಾ, ಪೇಯ್ ಮದುವೆ ಮಾಡಿಟ್ಟಿದ್ದೀಯ" ಅಂದರು. ಆ ಮಾತು ಆಗ ನಗೆಯಾಗಿ ಹೋಯಿತು. ಬೆಳಕು ನೇರ, ಕ್ಯಾಮೆರಾ ನೇರ, ಆದರೆ ಬಂದ ಚಿತ್ರ ಮನುಷ್ಯರ ಹಾಗಿಲ್ಲ. ಈ ಒಂದು ವ್ಯತ್ಯಾಸದ ಮೇಲೆ ಒಂದು ದಂಧೆಯೇ ನಿಲ್ಲುತ್ತದೆ ಅಂತ ಯಾರು ಎಣಿಸಿದ್ದರು?

ದಂಧೆ ನಿಂತದ್ದು ಹೀಗೆ. 1999ರಲ್ಲಿ ಬ್ಲೇರ್ ವಿಚ್ ಚಿತ್ರ, ಕೈಯಲ್ಲಿ ಹಿಡಿದ ಕ್ಯಾಮೆರಾದ ಅಲುಗಾಟವೇ ನಿಜದ ಗುರುತು ಅಂತ ನಂಬಿಸಿತು. 2002ರಲ್ಲಿ ಇಂಗ್ಲೆಂಡಿನ ಟಿವಿ, 2004ರಲ್ಲಿ ಅಮೆರಿಕದ ಟಿವಿ ರಾತ್ರಿ ಹಸಿರು ಪರದೆಯಲ್ಲಿ ದೆವ್ವ ಹುಡುಕುವುದನ್ನು ವಾರದ ಕಾರ್ಯಕ್ರಮ ಮಾಡಿದವು. ದೆಹಲಿಯ ಗೌರವ್ ತಿವಾರಿ ಇಂಡಿಯನ್ ಪ್ಯಾರಾನಾರ್ಮಲ್ ಸೊಸೈಟಿ ಕಟ್ಟಿ ಅದನ್ನು ನಮ್ಮ ದೇಶಕ್ಕೆ ತಂದ. 2016ರಲ್ಲಿ ಆತ ಎಳೆವಯಸ್ಸಿನಲ್ಲೇ ತೀರಿಕೊಂಡಾಗ ಪತ್ರಿಕೆಗಳು ಸಾವಿಗೂ ದೆವ್ವಕ್ಕೂ ಗಂಟು ಹಾಕಿದವು. ಕನ್ನಡದಲ್ಲಿ 2013ರಲ್ಲಿ "6-5=2" ಬಂತು. ಕಾಡಿಗೆ ಚಾರಣ ಹೋದವರ ಕ್ಯಾಮೆರಾದಲ್ಲಿ ಸಿಕ್ಕಿದ ಚಿತ್ರ ಅನ್ನುವ ಕಟ್ಟು. ಅದು ನಿಜ ಘಟನೆ ಅಂತ ನನ್ನ ಜೊತೆ ಪಂದ್ಯ ಕಟ್ಟಿದವರಿದ್ದಾರೆ. ಒಸ್ಟಿಯ ಕಾಲದಲ್ಲಿ ಕಿರಣ ಕಡಿದರೆ "ಯಾರೋ ಕೈ ಹಾಕಿದ್ದಾರೆ" ಎಂಬ ಅನುಮಾನ ಮೊದಲು ಬರುತ್ತಿತ್ತು. ಈಗ ಪರದೆಯಲ್ಲಿ ಏನಾದರೂ ಮಿನುಗಿದರೆ "ಯಾರೋ ಬಂದಿದ್ದಾರೆ" ಅನ್ನುತ್ತಾರೆ. ಸಾಕ್ಷಿ ಅದೇ, ಕೂತ ಪಕ್ಷ ಬದಲಾಗಿದೆ.

ಆ ರಾತ್ರಿ ಹತ್ತೂವರೆಗೆ ಫ್ಯಾಕ್ಟರಿಗೆ ಹೋದೆವು. ಮಾಲೀಕರ ಒಪ್ಪಿಗೆ ಕೊಡಿಸಿದ್ದು ನಾನೇ. ಸಬ್ಬಕ್ಕಿ ಒಣಹಾಕುವ ಸಿಮೆಂಟಿನ ಕಣ, ಗೆಣಸಿನ ಹಾಲು ಇಳಿಸುವ ತೊಟ್ಟಿಗಳು, ಹುರಿಯುವ ಒಲೆಗಳು. ಹುಡುಗರು ಒಳಗೆ ಕಾಲಿಟ್ಟು ಹತ್ತು ನಿಮಿಷಕ್ಕೆ ಕೂಗಿದರು: "ಆರ್ಬ್! ಆರ್ಬ್!" ಪರದೆ ತುಂಬ, ಅವರ ಲೆಕ್ಕದಲ್ಲಿ ಆತ್ಮದ ಗುರುತಾದ, ಬಿಳಿ ಗುಂಡುಗಳು ತೇಲುತ್ತಿದ್ದವು. ನಾನು ಗೋಡೆಗೆ ಒಂದು ಸಲ ಚಪ್ಪಲಿಯಲ್ಲಿ ಬಡಿದೆ. ಗುಂಡುಗಳು ನೂರಾದವು. ವರ್ಷಗಟ್ಟಲೆ ಕೂತ ಗೆಣಸಿನ ಹಿಟ್ಟಿನ ದೂಳು. ದೀಪ ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ಮೂತಿಯ ಮುಂದೆ ಹಾರುವ ಕಣ ಬೆಳಗಿ, ಫೋಕಸ್ ಸಿಗದೆ ದುಂಡಗೆ ಊದಿಕೊಳ್ಳುತ್ತದೆ. ಸಿಸಿಟಿವಿ ಹಾಕುವವರಿಗೆಲ್ಲ ಇದು ಗೊತ್ತು. ಕ್ಯಾಮೆರಾದ ದೀಪದ ಬಿಸಿಗೂ ಅದಕ್ಕೆ ಮುತ್ತುವ ಹುಳಕ್ಕೂ ಜೇಡ ಬಂದು ಬಲೆ ಕಟ್ಟುತ್ತದೆ. ಮಧ್ಯರಾತ್ರಿ ಎಳೆಯೊಂದು ಗಾಳಿಗೆ ಅಲುಗಿದರೆ ಅಂಗಡಿಯವರು ಫೋನ್ ಮಾಡಿ, "ಅಣ್ಣಾ, ಬಿಳಿ ಸೀರೆ ಉಟ್ಟವಳು ಹೋದಳು" ಅನ್ನುತ್ತಾರೆ. ನಾನು ಪೊರಕೆ ತೆಗೆದುಕೊಂಡು ಹೋಗುತ್ತೇನೆ. ಇಂಥ ಮೋಹಿನಿಯರನ್ನು ಒಂದು ಡಜನ್ನಾದರೂ ಗುಡಿಸಿದ್ದೇನೆ.

ಆಮೇಲೆ ಥರ್ಮಲ್ ಕ್ಯಾಮೆರಾ. ಇದರ ಕೆಲಸ ಬೇರೆ, ಇದು ದೀಪ ಬೀರುವುದಿಲ್ಲ, ವಸ್ತುವಿನ ಸ್ವಂತ ಬಿಸಿಯನ್ನೇ ನೋಡುತ್ತದೆ. ಒಲೆಮನೆಯ ಗೋಡೆಯ ಮೇಲೆ ಐದು ಬೆರಳು ಕೆಂಪಗೆ ಉರಿಯುತ್ತಿದ್ದವು. ಕೈ ಇದೆ, ಮನುಷ್ಯನಿಲ್ಲ. ಹುಡುಗರಲ್ಲಿ ಇಬ್ಬರು ಹೊರಗೆ ಓಡಿದರು. ಮೂರನೆಯವನು ಒಂದು ನಿಮಿಷದ ಹಿಂದೆ ಚಪ್ಪಲಿಯಿಂದ ಕಲ್ಲು ತೆಗೆಯಲು ಅದೇ ಗೋಡೆಗೆ ಕೈ ಊರಿದ್ದ. ಬೆಚ್ಚನೆಯ ಕೈ ತಣ್ಣನೆ ಗಾರೆಯ ಮೇಲೆ ಬಿಟ್ಟ ಗುರುತು ಆರಲು ಸ್ವಲ್ಪ ಹೊತ್ತು ಬೇಕು. ಕಿಟಕಿಯ ಗಾಜಿನಲ್ಲಿ ಕಂಡ ಆಕೃತಿಯೂ ನಾವೇ. ಆ ಬಿಸಿಯ ಕಿರಣಕ್ಕೆ ಗಾಜು ಪಾರದರ್ಶಕವಲ್ಲ, ಹೆಚ್ಚುಕಡಿಮೆ ಕನ್ನಡಿ.

ಕೊನೆಗೆ ಹಿಂದಿನ ಹುಣಸೆಮರ. ಸೇಲಂ ರಸ್ತೆ ನಾಲ್ಕು ಪಥವಾದಾಗ ಸಾಲುಮರಗಳು ಹೋದವು, ಒಳಗಡೆ ಒಂದೊಂದು ಉಳಿದಿವೆ. ಬರಿಗಣ್ಣಿಗೆ ಕಡುಗಪ್ಪು. ಪರದೆಯಲ್ಲಿ ಮರ ತುದಿಯಿಂದ ಬುಡದವರೆಗೆ ಬೆಳ್ಳಗೆ, ಹೆಣಕ್ಕೆ ಹೊದಿಸಿದ ಬಟ್ಟೆಯ ಹಾಗೆ ನಿಂತಿತ್ತು. ಕೊಂಬೆಯಲ್ಲಿ ಎರಡು ಕಣ್ಣು ಹೊಳೆದವು. ಮರ 1910ರಲ್ಲಿ ವುಡ್ ಕಂಡ ಮರ. ಕಣ್ಣು ಬೆಕ್ಕಿನದು. ರಾತ್ರಿ ಓಡಾಡುವ ಬಹಳಷ್ಟು ಪ್ರಾಣಿಗಳ ಕಣ್ಣಿನ ಹಿಂದೆ ಬೆಳಕನ್ನು ತಿರುಗಿಸುವ ಪದರವಿದೆ. ಇದನ್ನೆಲ್ಲ ವಿವರಿಸುವಾಗ ನನಗೆ ಎಚ್. ನರಸಿಂಹಯ್ಯನವರ ನೆನಪಾಯಿತು. ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಸತ್ಯ ಸಾಯಿಬಾಬಾಗೆ ಪತ್ರ ಬರೆದು ಪರೀಕ್ಷೆಗೆ ಕರೆದರು, ಉತ್ತರ ಬರಲಿಲ್ಲ. ಇವತ್ತು ಪರೀಕ್ಷೆಯ ಸಾಮಾನು ಪ್ರತಿಯೊಬ್ಬನ ಡಿಕ್ಕಿಯಲ್ಲೂ ಇದೆ, ಪರೀಕ್ಷಿಸುವ ಮನಸ್ಸು ಮಾತ್ರ ಪೆಟ್ಟಿಗೆಯ ಜೊತೆ ಬರುವುದಿಲ್ಲ.

ಹುಡುಗರ ಮುಖ ಸಪ್ಪಗಾಯಿತು. ಪಾಪ, ಪೆಟ್ರೋಲು ಹಾಕಿಸಿಕೊಂಡು ಬಂದವರು. "ಅಂಕಲ್, ಇಷ್ಟು ಹಳೇ ಊರು, ಯಾರೂ ಇಲ್ವಾ?" ಅಂದ ಮೂರನೆಯವನು. ಆ ಪ್ರಶ್ನೆ ಸರಿಯಾಗಿತ್ತು. ಇದು ಹಿಂದೆ ತಗಡೂರು ಅನ್ನಿಸಿಕೊಂಡಿದ್ದ ಸೀಮೆ. ತಮಿಳಿನ ಕವಯಿತ್ರಿ ಔವೈಗೆ ನೆಲ್ಲಿಕಾಯಿ ಕೊಟ್ಟ ಕಥೆಯ ರಾಜ ಅದಿಯಮಾನ್ ನೆಡುಮಾನ್ ಅಂಜಿ ಇಲ್ಲಿಯವನು. ಅವನು ಬರೀ ಕಥೆಯಲ್ಲ ಅಂತ 1981ರಲ್ಲಿ ಜಂಬೈ ಬಂಡೆಯ ತಮಿಳು ಬ್ರಾಹ್ಮಿ ಶಾಸನ ಹೇಳಿತು. ಅಶೋಕ ಹೇಳುವ ಸತಿಯಪುತ್ರರ ಹೆಸರೂ ಅದರಲ್ಲಿತ್ತು. ಚೇರರು ಬಂದು ತಗಡೂರನ್ನು ಮುತ್ತಿ ಗೆದ್ದರು. ಆಮೇಲೆ ನೊಳಂಬರು ಬಂದು ಧರ್ಮಪುರಿಯಲ್ಲಿ ಕನ್ನಡ ಶಾಸನ ಬಿಟ್ಟುಹೋದರು. ಚೋಳರು, ಹೊಯ್ಸಳರು, ವಿಜಯನಗರದವರು, ಹೈದರ್, ಟಿಪ್ಪು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಈ ಬಾರಾಮಹಲು ಸೀಮೆ ಕಂಪನಿಯ ಪಾಲಾಗಿ ಥಾಮಸ್ ಮನ್ರೋ ಧರ್ಮಪುರಿಯಲ್ಲಿ ಕೂತು ಕಂದಾಯ ಅಳೆದ. ಇಷ್ಟು ದಂಡು ಹಾದುಹೋದ ನೆಲದಲ್ಲಿ ಸತ್ತವರಿಗೆ ಬರವೇ?

ಬರವಿಲ್ಲ. ಆದರೆ ಇಲ್ಲಿ ಸತ್ತವರನ್ನು ಅಲೆಯಲು ಬಿಟ್ಟಿಲ್ಲ. ಕಾದಿ ಬಿದ್ದವನಿಗೆ ಒಂದು ಕಲ್ಲು ನಿಲ್ಲಿಸಿದ್ದಾರೆ. ತಮಿಳಿನಲ್ಲಿ ನಡುಕಲ್, ನಮಗೆ ವೀರಗಲ್ಲು. ಊರವರಿಗೆ ಅವನು ವೇಡಿಯಪ್ಪನ್, ವರ್ಷಕ್ಕೊಮ್ಮೆ ಪೊಂಗಲ್ಲು, ಕೋಳಿ. ಧರ್ಮಪುರಿಯ ಮ್ಯೂಸಿಯಮ್ಮಿನಲ್ಲೂ ಅಂಥ ಕಲ್ಲುಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಕತ್ತಲೆಗೂ ಇಲ್ಲೊಬ್ಬ ಯಜಮಾನನಿದ್ದಾನೆ. ನಮ್ಮೂರ ಕಾಲಭೈರವನ ಗುಡಿಯಲ್ಲಿ ಕೃಷ್ಣಪಕ್ಷದ ಅಷ್ಟಮಿಗೆ ಎಲ್ಲೆಲ್ಲಿಂದಲೋ ಜನ ಬಂದು ಬೂದುಗುಂಬಳದ ಹೋಳಿನಲ್ಲಿ ದೀಪ ಹಚ್ಚುತ್ತಾರೆ. ಹೆದರಿಕೆಗೂ ತಿಥಿ, ಜಾಗ, ಎಣ್ಣೆಯ ಲೆಕ್ಕ ಇದೆ.

"ಬನ್ನಿ, ಒಬ್ಬರನ್ನು ತೋರಿಸುತ್ತೇನೆ" ಅಂದೆ. ನಮ್ಮ ತೋಟದ ದಾರಿಯಲ್ಲಿ ಎದೆಯೆತ್ತರದ ಒಂದು ಕಲ್ಲಿದೆ, ಎಣ್ಣೆ ಅರಿಸಿನ ಮೆತ್ತಿ ಮೆತ್ತಿ ಮುಖ ಸವೆದದ್ದು. ಹಗಲಲ್ಲಿ ನೋಡಿದರೆ ಉಬ್ಬುತಗ್ಗಿನ ಬಂಡೆ, ಅಷ್ಟೆ. ಒಬ್ಬ ಐಆರ್ ದೀಪ ಹಾಕಿ ನೇರವಾಗಿ ಹಿಡಿದ. ಪರದೆಯಲ್ಲಿ ಬಿಳಿ ಚಪ್ಪಡಿ ಬಂತು. ಅದನ್ನು ಆರಿಸು ಅಂದೆ. ನನ್ನ ಹಳೇ ಎರಡು ಸೆಲ್ಲಿನ ಟಾರ್ಚನ್ನು ಕಲ್ಲಿಗೆ ಒತ್ತಿ, ಪಕ್ಕದಿಂದ, ಬೆಳಕು ಮೈ ಸವರಿಕೊಂಡು ಹೋಗುವ ಹಾಗೆ ಹಿಡಿದೆ. ಶಾಸನ ಓದುವವರು ರಾತ್ರಿ ಹೀಗೇ ಓದುತ್ತಾರೆ, ಉಬ್ಬಿಗೆಲ್ಲ ಉದ್ದ ನೆರಳು ಬೀಳುತ್ತದೆ. ಮೊದಲು ಬಿಲ್ಲು ಬಂತು. ಆಮೇಲೆ ಅದನ್ನು ಹಿಡಿದ ಮೊಣಕೈ, ಕಟ್ಟಿದ ಜುಟ್ಟು, ಎದೆಯಲ್ಲಿ ನಾಟಿದ ಎರಡು ಬಾಣ. ಕೆಳಗಿನ ಮೂಲೆಯಲ್ಲಿ ಅಂಗೈಯಗಲದ ಒಂದು ಹಸು, ಅದರ ಕೊಂಬು.

ಹುಡುಗರು ಕೂಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೂರನೆಯವನು ಮೆಲ್ಲಗೆ ಕೇಳಿದ, "ಯಾರು ಅಂಕಲ್ ಇವರು?"

"ಹಸು ಹೊಡೆದುಕೊಂಡು ಹೋಗಲು ಬಂದವರನ್ನು ತಡೆದವನು" ಅಂದೆ.

ಅವನು ಚಪ್ಪಲಿ ಬಿಟ್ಟು ಹತ್ತಿರ ಹೋದ. ಟಾರ್ಚು ನನ್ನ ಕೈಯಿಂದ ತೆಗೆದುಕೊಂಡು, ಬಾಣದ ಮೇಲೆ ನೆರಳು ಸರಿಯಾಗಿ ಬೀಳುವವರೆಗೆ ಆಚೆ ಈಚೆ ಸರಿಸುತ್ತ ಕೂತ.